ಪಾಲೆ ಮರದ ಬುಡದಲ್ಲಿ

2025ರ ಓಣಂ ರಜೆಯಲ್ಲಿ ಮಗಳನ್ನು ಕರೆದುಕೊಂಡು ಕಾಸರಗೋಡು ಪೇಟೆಗೆ ಸಿನಿಮಾ ನೋಡಲು ಹೋಗಿದ್ದೆ. ‘ಲೋಕಃ’. ಆಗ ಬಸ್ಸಿನಲ್ಲಿ, ಅಂಗಡಿಯಲ್ಲಿ, ಶಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲ ಕಡೆ ಅದರದ್ದೇ ಸುದ್ದಿ. ಮಲಯಾಳಂ ಸಿನಿಮಾ, ಆದರೆ ಕಥೆ ನಡೆಯುವುದು ಬೆಂಗಳೂರಿನಲ್ಲಿ. ಕಲ್ಯಾಣಿ ಪ್ರಿಯದರ್ಶನ್ ಮಾಡಿದ ಚಂದ್ರ ಎಂಬ ಹುಡುಗಿ ನಿಜವಾಗಿ ಯಾರು ಅಂದರೆ ಕಳ್ಳಿಯಂಕಾಟ್ಟು ನೀಲಿ. ಕೇರಳದ ಮಕ್ಕಳು ಹೆಸರು ಕೇಳಿದರೇ ಹೆದರುವ ಯಕ್ಷಿ. ಇಲ್ಲಿ ಅವಳು ಜನರನ್ನು ಕಾಯುವವಳು. ಅವಳು ಕೈ ಎತ್ತಿ ಹೊಡೆದಾಗ ನಮ್ಮ ಮುಂದಿನ ಸಾಲಿನಲ್ಲಿದ್ದ ಕಾಲೇಜು ಹುಡುಗಿಯರು, ತಲೆಗೆ ಶಾಲು ಹಾಕಿದವರು, ಮಲ್ಲಿಗೆ ಮುಡಿದವರು, ಎಲ್ಲರೂ ಒಟ್ಟಿಗೆ ಎದ್ದು ಸಿಳ್ಳೆ ಹೊಡೆದರು. ಥಿಯೇಟರಿನಲ್ಲಿ ಹುಡುಗಿಯರ ಸಿಳ್ಳೆಯನ್ನು ನಾನು ಕೇಳಿದ್ದು ಅದೇ ಮೊದಲು. ನನಗೆ ಕಣ್ಣು ತುಂಬಿ ಬಂತು.

ಹಿಂದೆ ಬರುವಾಗ ಕತ್ತಲಾಗಿತ್ತು. ಚೆರ್ಕಳದಲ್ಲಿ ಬಸ್ಸು ಸ್ವಲ್ಪ ಖಾಲಿಯಾಗಿ ಕೂರಲಿಕ್ಕೆ ಜಾಗ ಸಿಕ್ಕಿತು. ಮಗಳು ಕಿಟಕಿಯ ಹತ್ತಿರ ಕೂತವಳು ತುಂಬ ಹೊತ್ತು ಸುಮ್ನೆ ಇದ್ದು ಕೇಳಿದಳು, ‘ಅಮ್ಮ, ಯಕ್ಷಿ ಇರುವುದು ಪಾಲೆ ಮರದಲ್ಲಿ ಅಂತೆ. ನಮ್ಮ ತೋಟದ ಕೆಳಗೆ ಇರುವುದೂ ಪಾಲೆಯೇ ಅಲ್ವಾ?’

ಹೌದು, ಪಾಲೆಯೇ. ಕನ್ನಡದಲ್ಲಿ ಏಳೆಲೆ ಹಾಲೆ ಎನ್ನುತ್ತಾರೆ. ಮಲಯಾಳದ ಕಥೆಗಳಲ್ಲಿ ಯಕ್ಷಿ ಕೂರುವ ಮರ. ಮಾಂತ್ರಿಕರು ಅವಳಿಗೆ ಮೊಳೆ ಹೊಡೆದು ಕಟ್ಟಿಹಾಕುವುದೂ ಅದೇ ಮರಕ್ಕೆ. ನಮ್ಮ ತುಳು-ಕನ್ನಡದ ಕಡೆ ಅದೇ ಮರ ಮದ್ದು. ಮಳೆಗಾಲದ ತುಳು ತಿಂಗಳು ಆಟಿಯ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲು ಹೋಗಿ, ಕತ್ತಿ ಮುಟ್ಟಿಸದೆ ಕಲ್ಲಿನಿಂದ ಗುದ್ದಿ ತೊಗಟೆ ತೆಗೆದು, ಕರಿಮೆಣಸು, ಬೆಳ್ಳುಳ್ಳಿ, ಓಮ ಹಾಕಿ ಅರೆದು, ಕೆಂಡದ ಹಾಗೆ ಕಾದ ಬಿಳಿ ಕಲ್ಲಿನ ಒಗ್ಗರಣೆ ಕೊಟ್ಟು ಕುಡಿಯುವ ಕಷಾಯ. ಆ ಕಹಿ ನಾಲಿಗೆಯಿಂದ ಮಧ್ಯಾಹ್ನದವರೆಗೂ ಹೋಗುವುದಿಲ್ಲ. ಆಮೇಲೆ ತಂಪಿಗೆ ಮೆಂತೆ ಗಂಜಿ. ಒಂದೇ ಮರ, ಎರಡು ಭಾಷೆಯಲ್ಲಿ ಎರಡು ಕಥೆ. ಈ ಗಡಿಯಲ್ಲಿ ಬೆಳೆದವರಿಗೆ ಇದು ಆಶ್ಚರ್ಯದ ಸಂಗತಿ ಅಲ್ಲ. ಆದರೆ ಮಗಳು ಆ ದಿನ ಕೇಳಿದ ಮೇಲೆ ನಾನು ಈ ವಿಷಯವನ್ನು ತಲೆಯಿಂದ ತೆಗೆಯಲು ಆಗದೆ ತಿಂಗಳುಗಟ್ಟಲೆ ಸುತ್ತಿಸುತ್ತಾ ಇದ್ದೇನೆ.

ಪರದೆಯ ಮೇಲೆ ಗಟ್ಟಿ ಹೆಣ್ಣುಗಳು ಜಾಸ್ತಿ ಆಗಿದ್ದಾರೆ. ಇದು ನಿಜ, ಇದರಿಂದ ನನಗೆ ತುಂಬ ಸಂತೋಷ. ‘ಲೋಕಃ’ 300 ಕೋಟಿ ರೂಪಾಯಿ ದಾಟಿದ ಮೊದಲ ಮಲಯಾಳಂ ಸಿನಿಮಾ. ಹೆಣ್ಣನ್ನು ನಡುವೆ ಇಟ್ಟರೆ ಜನ ಬರುವುದಿಲ್ಲ ಎಂಬ ಮಾತನ್ನು ಇನ್ನು ಯಾರೂ ಹೇಳುವ ಹಾಗಿಲ್ಲ. ನನ್ನ ಬಾಲ್ಯದಲ್ಲಿ ಹೀಗಿರಲಿಲ್ಲ. ನಮಗೆ ಮಾಲಾಶ್ರೀ ಇದ್ದರು. 1989ರಲ್ಲಿ ‘ನಂಜುಂಡಿ ಕಲ್ಯಾಣ’ದಲ್ಲಿ ಅವರನ್ನು ನೋಡಿದ ನನ್ನ ಚಿಕ್ಕಮ್ಮಂದಿರು ತಿಂಗಳುಗಟ್ಟಲೆ ಅವರ ಹಾಗೆ ಕತ್ತು ತಿರುಗಿಸಿ ಮಾತಾಡುತ್ತಿದ್ದರು. ಆದರೆ ಆ ಕಥೆಯಲ್ಲಿ ಹುಡುಗಿಯ ಜೋರು ಒಂದು ರೋಗದ ಹಾಗೆ. ಮದುವೆಯಾದವನು ಅವಳನ್ನು ಪಳಗಿಸಬೇಕು, ಅವಳು ಮೆತ್ತಗಾದರೆ ಕಥೆ ಸುಖಾಂತ. ಮುಂದೆ ಅದೇ ಮಾಲಾಶ್ರೀ ಖಾಕಿ ಹಾಕಿ ಹೊಡೆದಾಟಕ್ಕೆ ಇಳಿದರು. ನಮ್ಮ ಶಾಲೆಯ ಹುಡುಗಿಯರು ಅದನ್ನು ಎಷ್ಟು ಪ್ರೀತಿಸಿದರು ಅಂದರೆ, ಮಧ್ಯಾಹ್ನದ ಬಿಡುವಿನಲ್ಲಿ ನಾವು ಆಡುತ್ತಿದ್ದ ಆಟದಲ್ಲಿ ಎಲ್ಲರೂ ಪೊಲೀಸರು, ಕಳ್ಳರಾಗಲು ಯಾರೂ ತಯಾರಿಲ್ಲ.

ಇನ್ನೊಂದು ಸಿನಿಮಾದ ಬಗ್ಗೆ ಹೇಳದಿದ್ದರೆ ಗಡಿನಾಡಿನವಳಾಗಿ ನನ್ನ ಮಾತು ಪೂರ್ತಿ ಆಗುವುದಿಲ್ಲ. 1993ರ ‘ಮಣಿಚಿತ್ರತ್ತಾಳ್’. ಅದನ್ನು ನಾವು ಮೊದಲು ಮಲಯಾಳದಲ್ಲಿ ಶೋಭನಾ ಮಾಡಿದ ಹಾಗೆ ನೋಡಿದೆವು. ಆ ಪಾತ್ರಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. 2004ರಲ್ಲಿ ಅದೇ ಕಥೆಯನ್ನು ಕನ್ನಡದಲ್ಲಿ ‘ಆಪ್ತಮಿತ್ರ’ ಎಂದು ಸೌಂದರ್ಯ ಮಾಡಿದ ಹಾಗೆ ನೋಡಿದೆವು. ಸಿನಿಮಾ ಬರುವ ಮೊದಲೇ, ಏಪ್ರಿಲ್‌ನಲ್ಲಿ, ಸೌಂದರ್ಯ ತೀರಿಕೊಂಡಿದ್ದರು. ಟಿವಿಯಲ್ಲಿ ಅದು ಬಂದಾಗಲೆಲ್ಲ ನನ್ನ ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಎರಡು ಭಾಷೆಯಲ್ಲಿ ಎಷ್ಟು ಸಲ ನೋಡಿದರೂ ನನ್ನ ಎದೆ ಹೊಡೆದುಕೊಳ್ಳುವುದು ನಾಗವಲ್ಲಿ ಎದ್ದು ನಿಂತಾಗಲೇ. ಆ ಕಣ್ಣು, ಆ ಗಂಟಲು! ಆದರೆ ನಾಗವಲ್ಲಿ ಸತ್ತವಳು. ಕೊಲೆಯಾದವಳು. ಬದುಕಿರುವ ಹೆಂಡತಿಯ ಮೈಯಲ್ಲಿ ಅವಳು ಬಂದರೆ ಅದು ಕಾಯಿಲೆ. ವೈದ್ಯರು ಬಂದು ವಾಸಿ ಮಾಡಬೇಕು.

ನೀಲಿಯ ಹಳೆಯ ಕಥೆಯೂ ಹಾಗೆಯೇ. ತೆಂಕಣ ತಿರುವಾಂಕೂರಿನ ಕಡೆ ಹಾಡುವ ಒಂದು ಕಥೆಯಲ್ಲಿ ಅವಳನ್ನು ಒಡವೆಗಾಗಿ ಗಂಡನೇ ಕಳ್ಳಿಗಿಡದ ಕೆಳಗೆ ಕೊಂದದ್ದು. ಆಮೇಲೆ ಅವಳು ಹುಟ್ಟಿ ಬಂದು ಸೇಡು ತೀರಿಸಿದ್ದು. ಸತ್ತ ಮೇಲೆ ಬಲ.

ಇದು ಹೊಳೆದ ಮೇಲೆ ನನಗೆ ಎಲ್ಲ ಕಡೆ ಇದೇ ಕಾಣಲಿಕ್ಕೆ ಶುರುವಾಯಿತು.

ನನ್ನ ಒಬ್ಬ ಮಲಯಾಳಿ ಗೆಳತಿ ಕೆಲವು ವರ್ಷದ ಹಿಂದೆ ಮುಚ್ಚಿಲೋಟ್ಟು ಭಗವತಿಯ ಕಳಿಯಾಟಕ್ಕೆ, ಅಂದರೆ ತೆಯ್ಯದ ಉತ್ಸವಕ್ಕೆ, ಕರೆದುಕೊಂಡು ಹೋಗಿದ್ದಳು. ಕಾಸರಗೋಡು, ಕಣ್ಣೂರು ಜಿಲ್ಲೆಗಳಲ್ಲಿ ಈ ದೇವಿಯ ಕಾವುಗಳು, ಅಂದರೆ ಗುಡಿಗಳು, ತುಂಬ ಇವೆ. ಕೆಲವು ಕಡೆ ಹನ್ನೆರಡು ವರ್ಷಕ್ಕೊಮ್ಮೆ ಪೆರುಂಕಳಿಯಾಟ್ಟ, ದೊಡ್ಡ ಕಳಿಯಾಟ. ಸಾವಿರಾರು ಜನಕ್ಕೆ ಊಟ, ನೆಲ ಕಾಣದಷ್ಟು ಹೆಂಗಸರು. ದೇವಿಯ ವೇಷ ಕಟ್ಟಿ ಕುಣಿಯುವ ತೆಯ್ಯ ಬರುವವರೆಗೆ ಕಾಯುತ್ತಾ ಗೆಳತಿ ನನಗೆ ಕಥೆ ಹೇಳಿದಳು. ಪೆರಿಂಚೆಲ್ಲೂರಿನಲ್ಲಿ, ಅಂದರೆ ಈಗಿನ ತಳಿಪರಂಬದಲ್ಲಿ, ಒಬ್ಬಳು ಬ್ರಾಹ್ಮಣ ಕನ್ಯೆ. ಶಾಸ್ತ್ರ ಓದಿದವಳು. ಪಂಡಿತರ ಜೊತೆ ವಾದಕ್ಕೆ ಕೂತರೆ ಸೋಲುವುದೇ ಇಲ್ಲ. ಅವರು ಕೇಳಿದರು, ರಸಗಳಲ್ಲಿ ಯಾವುದು ದೊಡ್ಡದು, ನೋವುಗಳಲ್ಲಿ ಯಾವುದು ದೊಡ್ಡದು? ಅವಳು ಹೇಳಿದಳು, ರಸಗಳಲ್ಲಿ ಕಾಮ, ನೋವುಗಳಲ್ಲಿ ಹೆರಿಗೆ. ಅಷ್ಟೇ. ಮದುವೆಯಾಗದ ಹುಡುಗಿಗೆ ಇದು ಹೇಗೆ ಗೊತ್ತು ಎಂದು ಅವಳನ್ನು ಊರಿನಿಂದ ಹೊರಗೆ ಹಾಕಿದರು. ಅವಳು ಬೆಂಕಿಗೆ ಹಾರಿದಳು. ದಾರಿಯಲ್ಲಿ ಎಣ್ಣೆ ತೆಗೆದುಕೊಂಡು ಹೋಗುತ್ತಿದ್ದ ವಾಣಿಯನ ಹತ್ತಿರ ಬೆಂಕಿಗೆ ಎಣ್ಣೆ ಸುರಿ ಎಂದಳು, ಅವನು ಸುರಿದ. ಅವಳು ದೇವಿಯಾದಳು, ವಾಣಿಯರ ಕುಲದೇವಿ.

ಕಥೆ ಕೇಳಿ ನನಗೆ ಊಟ ಸೇರಲಿಲ್ಲ. ಅವಳ ಉತ್ತರ ಸರಿಯಾಗಿತ್ತು, ಅದೇ ತಪ್ಪಾಯಿತು. ಗೊತ್ತಿರುವುದನ್ನು ಗೊತ್ತಿದೆ ಎಂದು ಬಾಯಿ ಬಿಟ್ಟು ಹೇಳಿದಳು. ಬದುಕಿದ್ದಾಗ ಹೊರಗೆ ಹಾಕಿದ ಊರು ಸತ್ತ ಮೇಲೆ ಕೈ ಮುಗಿಯಿತು. ಅವಳನ್ನು ಕಟ್ಟಿ ಕುಣಿಯುವುದು ಕೂಡ ಗಂಡಸರೇ. ನೂರಾರು ತೆಯ್ಯಗಳಲ್ಲಿ ಹೆಂಗಸು ಕಟ್ಟುವುದು ಒಂದೇ ಒಂದು, ಕಣ್ಣೂರು ಜಿಲ್ಲೆಯ ತೆಕ್ಕುಂಬಾಡಿನ ದೇವಕ್ಕೂತ್ತು.

ಯಕ್ಷಗಾನಕ್ಕೆ ಬರುತ್ತೇನೆ. ಕುಂಬಳೆ ಸೀಮೆಯವರಿಗೆ ಅದನ್ನು ಬಿಟ್ಟು ಮಾತು ಮುಗಿಸಲು ಆಗುವುದಿಲ್ಲ. ದೇವಿ ಮಹಾತ್ಮೆ ಪ್ರಸಂಗ ಹರಕೆ ಆಟವಾಗಿ ಆಡಿಸುವವರು ನಮ್ಮಲ್ಲಿ ಎಷ್ಟು ಜನ! ಕಟೀಲು ಮೇಳದ ಆಟಕ್ಕೆ ಹರಕೆ ಹೇಳಿದರೆ ಸರದಿ ಬರಲು ವರ್ಷಗಟ್ಟಲೆ ಕಾಯಬೇಕು. ಮಹಿಷಾಸುರ ದೊಂದಿಯ ಬೆಳಕಿನಲ್ಲಿ, ರಾಳದ ಬೆಂಕಿ ಹಾರಿಸುತ್ತಾ ಜನರ ನಡುವಿನಿಂದ ಬರುವಾಗ ನಿದ್ದೆ ಮಾಡಿದ ಮಕ್ಕಳನ್ನು ತಟ್ಟಿ ಎಬ್ಬಿಸುತ್ತಾರೆ. ಆದರೆ ನನ್ನ ಅಮ್ಮ ಎಚ್ಚರ ಇರುತ್ತಿದ್ದದ್ದು ಬೆಳಗಿನ ಜಾವದ ಒಂದು ಭಾಗಕ್ಕೆ. ದೇವಿ ಉಯ್ಯಾಲೆಯಲ್ಲಿ ಕೂತಿದ್ದಾಳೆ. ಶುಂಭನ ದೂತ ಸುಗ್ರೀವ ಬಂದು, ನಮ್ಮ ಒಡೆಯನನ್ನು ಮದುವೆಯಾಗು ಎನ್ನುತ್ತಾನೆ. ಅವಳಿಗೆ ಅವಸರ ಇಲ್ಲ. ಉಯ್ಯಾಲೆ ತೂಗುತ್ತಾ ಮಾತಾಡುತ್ತಾಳೆ. ಯುದ್ಧದಲ್ಲಿ ನನ್ನನ್ನು ಗೆದ್ದವನನ್ನೇ ವರಿಸುವುದು ಎಂದು ನಾನು ಹಿಂದೆ ಯೋಚಿಸದೆ ಪ್ರತಿಜ್ಞೆ ಮಾಡಿಬಿಟ್ಟಿದ್ದೇನಲ್ಲ, ಈಗ ಏನು ಮಾಡುವುದು ಎಂದು ಕೇಳುತ್ತಾಳೆ. ಒಳ್ಳೆಯ ಅರ್ಥಧಾರಿ ಇದ್ದರೆ ಈ ಮಾತು ಅರ್ಧ ಗಂಟೆ ಹೋಗುತ್ತದೆ. ತಲೆ ಹಾರಿಸುವುದು ಆಮೇಲೆ, ಅದು ಎಲ್ಲರಿಗೂ ಗೊತ್ತಿದೆ. ಅಮ್ಮನಿಗೆ ಬೇಕಾದದ್ದು ಆ ಮಾತು. ಮನೆಯಲ್ಲಿ ಯಾರಿಗೂ ಎದುರು ಮಾತಾಡದ ನನ್ನ ಅಮ್ಮ ಗದ್ದೆಯಲ್ಲಿ ಚಾಪೆ ಹಾಸಿ ಕೂತು, ತುಟಿ ಅಲ್ಲಾಡಿಸುತ್ತಾ ದೇವಿಯ ಜೊತೆ ತಾನೂ ಉತ್ತರ ಕೊಡುತ್ತಿದ್ದಳು. ನಾನು ಅದನ್ನು ಕಣ್ಣಾರೆ ನೋಡಿದ್ದೇನೆ.

ನನಗೆ ಯಕ್ಷಗಾನ ಕಲಿಯಬೇಕು ಎಂದು ಏಳನೇ ಕ್ಲಾಸಿನಲ್ಲಿ ತುಂಬ ಆಸೆ ಇತ್ತು. ನಮ್ಮ ಊರಿನಲ್ಲಿ ಶನಿವಾರ ಕಲಿಸುತ್ತಿದ್ದರು. ಹೋಗಿ ಕೇಳಿದೆ. ಹೆಣ್ಣು ಮಕ್ಕಳು ದೊಡ್ಡವರಾದ ಮೇಲೆ ಬಿಟ್ಟುಬಿಡುತ್ತಾರೆ, ಕಲಿಸಿ ಪ್ರಯೋಜನ ಇಲ್ಲ ಎಂದರು. ಬೈಯಲಿಲ್ಲ, ಪ್ರೀತಿಯಿಂದಲೇ ಹೇಳಿದರು. ಅದಕ್ಕೇ ಅದು ಇವತ್ತಿಗೂ ನೋಯುತ್ತದೆ. ಒಂದಷ್ಟು ವಾರ ನಾನು ಜಗಲಿಯ ಹೊರಗೆ ಕೂತು ಬೆರಳಿನಲ್ಲಿ ತಾಳ ಎಣಿಸಿದೆ, ಮತ್ತೆ ಹೋಗಲಿಲ್ಲ.

ಅದಾದ ಸ್ವಲ್ಪ ಸಮಯಕ್ಕೆ ಒಂದು ಆಟದಲ್ಲಿ ಮೈಕಿನಿಂದ ಒಂದು ಹೆಣ್ಣು ದನಿ ಕೇಳಿತು. ಲೀಲಾವತಿ ಬೈಪಾಡಿತ್ತಾಯ. ಹುಟ್ಟಿದ್ದು ನಮ್ಮ ಮಧೂರಿನಲ್ಲಿ, 1947ರಲ್ಲಿ. ತೆಂಕುತಿಟ್ಟಿನಲ್ಲಿ, ಅಂದರೆ ನಮ್ಮ ತೆಂಕಣ ಶೈಲಿಯ ಯಕ್ಷಗಾನದಲ್ಲಿ, ವೃತ್ತಿಪರವಾಗಿ ಹಾಡಿದ ಮೊದಲ ಮಹಿಳಾ ಭಾಗವತರು. ಗಂಡ ಹರಿನಾರಾಯಣ ಬೈಪಾಡಿತ್ತಾಯರು ಚೆಂಡೆ-ಮದ್ದಳೆಗೆ, ಇವರು ಜಾಗಟೆ ಹಿಡಿದು ಹಾಡಿಗೆ. ಯಕ್ಷಗಾನ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ರಂಗಸ್ಥಳದಲ್ಲಿ ಭಾಗವತರೇ ಯಜಮಾನರು. ಯಾರು ಯಾವಾಗ ಕುಣಿಯಬೇಕು, ಎಷ್ಟು ಕುಣಿಯಬೇಕು, ಯಾವಾಗ ಮಾತು ನಿಲ್ಲಿಸಬೇಕು, ಎಲ್ಲ ಅವರ ಕೈಯ ಜಾಗಟೆಯಲ್ಲಿ ಇದೆ. ಕಿರೀಟ ಕಟ್ಟಿದ ರಾಕ್ಷಸ, ಸೀರೆ ಉಟ್ಟ ದೇವಿ, ಎಲ್ಲರೂ ಗಂಡಸರು. ಅವರೆಲ್ಲ ಕುಣಿಯುತ್ತಿದ್ದದ್ದು ಹಿಂದೆ ಕೂತ ಒಬ್ಬಳು ಹೆಂಗಸು ಹೇಳಿದ ಹಾಗೆ. ಕಿವಿ ಒಡೆಯುವ ಚೆಂಡೆಯ ಎದುರು ಆ ದನಿ ಸ್ವಲ್ಪವೂ ಕುಗ್ಗುತ್ತಿರಲಿಲ್ಲ. ರಾತ್ರಿ ಪೂರ್ತಿ ನಿದ್ದೆಗೆಟ್ಟು, ಬೆಳಿಗ್ಗೆ ಇನ್ನೊಂದು ಊರಿಗೆ ಹೋಗಿ, ಮತ್ತೆ ರಾತ್ರಿ ಹಾಡಬೇಕು. ಯಾವ ದೇವಿಯೂ ಮೈಮೇಲೆ ಬಂದು ಅವರಿಗೆ ಆ ಶಕ್ತಿ ಕೊಡಲಿಲ್ಲ. ಕಲಿತರು, ಹಾಡಿದರು, ಗಂಟಲು ಕಾಪಾಡಿಕೊಂಡರು. 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡ ಸುದ್ದಿ ಬಂದ ದಿನ ನಾನು ಅಡುಗೆ ಮನೆಯಲ್ಲಿ ಒಬ್ಬಳೇ ತಾಳ ಹಾಕುತ್ತಾ ಕೂತಿದ್ದೆ.

ಹೊಸ ಸಿನಿಮಾಗಳ ಗಟ್ಟಿ ಹೆಣ್ಣುಗಳನ್ನು ನೋಡುವಾಗ ನನಗೆ ಕೊರತೆ ಅನ್ನಿಸುವುದು ಇಲ್ಲಿಯೇ. ಅವರಿಗೆ ಬಲ ಎಲ್ಲಿಂದಲೋ ಬರುತ್ತದೆ. ಶಾಪ, ವರ, ರಕ್ತ, ಏನೋ ಒಂದು ಯಂತ್ರ. ಹಾಲಿವುಡ್ಡಿನವರದ್ದೂ ಅದೇ ದಾರಿ. 2017ರಲ್ಲಿ ಬಂದ ವಂಡರ್ ವುಮನ್ ದೇವರ ಮಗಳು. ಕಲಿತು ಗಟ್ಟಿಯಾದವಳು, ತಿಳಿದು ಗಟ್ಟಿಯಾದವಳು ಕಡಿಮೆ. ಮತ್ತೆ ಅವರೆಲ್ಲ ಒಂಟಿ. ಅಮ್ಮ ಜೊತೆಯಲ್ಲಿ ಇಲ್ಲ, ಮೊಣಕಾಲು ನೋವು ಇಲ್ಲ, ನಾಳೆ ಬೆಳಿಗ್ಗೆ ದೋಸೆಗೆ ಅಕ್ಕಿ ನೆನೆಹಾಕಬೇಕು ಎಂಬ ಯೋಚನೆ ಇಲ್ಲ. ಐವತ್ತು ದಾಟಿದವಳು ಯಾಕೆ ನಡುವೆ ಬಂದು ನಿಲ್ಲುವುದಿಲ್ಲ? ನನಗೆ ಹೊಡೆತ ಬೇಡ ಎಂದಲ್ಲ. ಹೊಡೆಯಲಿ. ಚಂದ್ರ ಹೊಡೆಯುವಾಗ ನನ್ನ ಮಗಳು ಕುರ್ಚಿಯ ತುದಿಗೆ ಬಂದು ಕೂತದ್ದು ನನಗೆ ಇಷ್ಟವಾಯಿತು. ಥಿಯೇಟರಿನಿಂದ ಹೊರಗೆ ಬರುವಾಗ ಅವಳ ನಡಿಗೆಯೇ ಬೇರೆ ಆಗಿತ್ತು, ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಅವಳು ನನ್ನ ಕೈ ಹಿಡಿಯಲಿಲ್ಲ, ನಾನೇ ಅವಳ ಕೈ ಹಿಡಿದೆ.

ಸಿರಿಯ ಬಗ್ಗೆ ಎಷ್ಟು ಜನರಿಗೆ ಗೊತ್ತು? ತುಳುನಾಡಿನಲ್ಲಿ ಗದ್ದೆಯಲ್ಲಿ ನೇಜಿ, ಅಂದರೆ ಭತ್ತದ ಸಸಿ, ನೆಡುವಾಗ ಹೆಂಗಸರು ಪಾಡ್ದನ ಎಂಬ ಕಥೆ ಹಾಡುಗಳನ್ನು ಹಾಡುತ್ತಿದ್ದರು. ಸಿರಿಯ ಕಥೆಯೂ ಆ ಹಾಡುಗಳ ಬಳಗದ್ದೇ. ಬಸುರಿ ಸಿರಿಗೆ ಬಯಕೆಯ ದಿನ ಗಂಡ ಸೀರೆ ತರುತ್ತಾನೆ. ಅದು ಮೊದಲು ಇನ್ನೊಬ್ಬಳು ಉಟ್ಟ ಸೀರೆ. ಸಿರಿಗೆ ಗೊತ್ತಾಗುತ್ತದೆ. ತುಂಬಿದ ಮನೆಯಲ್ಲಿ, ನೆಂಟರ ಎದುರು, ಬೇಡ ಎನ್ನುತ್ತಾಳೆ. ಆಮೇಲೆ ಆಸ್ತಿಯ ಪಂಚಾಯಿತಿಯಲ್ಲಿ ಊರು ಅವಳ ವಿರುದ್ಧ ನಿಲ್ಲುತ್ತದೆ. ಅವಳು ಗಂಡನನ್ನು ಬಿಟ್ಟು ಹೊರಡುತ್ತಾಳೆ, ಶಾಪಕ್ಕೆ ಅರಮನೆ ಉರಿದು ಹೋಗುತ್ತದೆ, ಮುಂದೆ ಇನ್ನೊಂದು ಮದುವೆಯೂ ಆಗುತ್ತಾಳೆ. ಬದುಕಿದ್ದಾಗಲೇ! ಬೆಳ್ತಂಗಡಿ ಕಡೆಯ ಗೋಪಾಲ ನಾಯ್ಕರು ಈ ಕಥೆಯನ್ನು ಹಾಡಿದ್ದನ್ನು ಫಿನ್‌ಲ್ಯಾಂಡಿನ ಲೌರಿ ಹೊಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರ ಜೊತೆ ಸೇರಿ 1990ರಲ್ಲಿ ದಾಖಲಿಸಿದರು. 1998ರಲ್ಲಿ ಅದು ಪುಸ್ತಕವಾಗಿ ಬಂದಾಗ 15,683 ಸಾಲು. ಸಿರಿ ಜಾತ್ರೆಯಲ್ಲಿ ಹಿಂಗಾರ, ಅಂದರೆ ಅಡಿಕೆ ಹೂ, ಹಿಡಿದು ನೂರಾರು ಹೆಂಗಸರು ತಾವೇ ಸಿರಿ ಎಂದು ಹೇಳುತ್ತಾರೆ. ವರ್ಷಪೂರ್ತಿ ಹೇಳಲಾಗದ್ದನ್ನು ಆ ಒಂದು ರಾತ್ರಿ ಹೇಳುತ್ತಾರೆ. ಬೆಳಗಾದರೆ ಬಸ್ಸು ಹತ್ತಿ ಮನೆಗೆ ಹೋಗುತ್ತಾರೆ. ಆ ಬಸ್ಸಿನಲ್ಲಿ ಕೂತವಳ ಕಥೆಯನ್ನು ಯಾರಾದರೂ ಸಿನಿಮಾ ಮಾಡಬೇಕು, ನಾನು ಮೊದಲ ದಿನವೇ ಹೋಗುತ್ತೇನೆ.

ಕಾಸರಗೋಡಿನವರೇ ಆದ ಸಾರಾ ಅಬೂಬಕ್ಕರ್ ‘ಚಂದ್ರಗಿರಿಯ ತೀರದಲ್ಲಿ’ ಬರೆದು, ತಲಾಖ್ ಹೇಳಿಸಿಕೊಂಡ ಹುಡುಗಿಯ ಸಂಕಟವನ್ನು ಕನ್ನಡದವರ ಮುಂದೆ ಇಟ್ಟರು. ಕಥೆಯ ನಾದಿರಾ ಸಾಯುತ್ತಾಳೆ. ಬರೆದವರು ಬೈಗಳನ್ನೆಲ್ಲ ಕೇಳಿಸಿಕೊಂಡು, 2023ರಲ್ಲಿ 86ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಹೇಳಬೇಕಾದ್ದನ್ನು ಹೇಳುತ್ತಲೇ ಇದ್ದರು. ಕನ್ನಡ ಶಾಲೆಯಲ್ಲಿ ಓದಿದ್ದರಿಂದ ಬರೆಯಲು ಆಯಿತು. ಅಲ್ಲಿಯೂ ಕಲಿತದ್ದೇ ಬಲ.

ಆ ರಾತ್ರಿ ಬಸ್ಸಿನಲ್ಲಿ ನಾನು ಮಗಳಿಗೆ ಹೇಳಿದ್ದು ಅಜ್ಜಿಯ ಕಥೆ. ನನ್ನ ಅಜ್ಜಿ, ಅಂದರೆ ಅವಳ ಮುತ್ತಜ್ಜಿ.

ಪಾಲೆಯ ತೊಗಟೆ ತರಲು ಹೋಗುವುದು ಗಂಡಸರ ಕೆಲಸ. ಅಜ್ಜ ತೀರಿಕೊಂಡ ವರ್ಷ ಅಜ್ಜಿಗೆ 34. ನಾಲ್ಕು ಮಕ್ಕಳು, ಎಲ್ಲ ಸಣ್ಣವು. ಆಟಿ ಅಮಾವಾಸ್ಯೆ ಬಂತು. ಪಕ್ಕದ ಮನೆಯವರು ನಾವು ತಂದುಕೊಡುತ್ತೇವೆ ಎಂದಿದ್ದರಂತೆ. ಅಜ್ಜಿ ಒಪ್ಪಲಿಲ್ಲ. ಬೆಳಗಿನ ನಾಲ್ಕು ಗಂಟೆಗೆ, ಆಟಿಯ ಆ ಮಳೆಯಲ್ಲಿ, ಮಳೆಗೆ ತಲೆಯ ಮೇಲೆ ಎಲೆಯ ಗೊರಬೆ ಹಾಕಿ, ಒಂದು ಕಲ್ಲು ಹಿಡಿದು ತೋಟದ ಕೆಳಗೆ ಇಳಿದಳು. ಆರು ವರ್ಷದ ನನ್ನ ಅಮ್ಮ ಹಿಂದಿನಿಂದ ಓಡಿದಳು. ಅಮಾವಾಸ್ಯೆಯ ಕತ್ತಲೆ, ದೀಪ ಗಾಳಿಗೆ ನಿಲ್ಲುವುದಿಲ್ಲ. ಅಲ್ಲಿ ಪಾಲೆಯ ಹತ್ತಿರವೇ ಕಾಸರ್ಕದ ಮರವೂ ಇತ್ತು. ಕಾಸರ್ಕ ಅಂದರೆ ವಿಷ. ಕಾಸರಗೋಡಿಗೆ ಆ ಮರದಿಂದಲೇ ಹೆಸರು ಬಂತು ಎನ್ನುವವರೂ ಇದ್ದಾರೆ. ಕತ್ತಲೆಯಲ್ಲಿ ಪಾಲೆ ಎಂದು ಕಾಸರ್ಕದ ತೊಗಟೆ ತಂದು, ಕಷಾಯ ಕುಡಿದು ಸತ್ತವರು ಇದ್ದಾರೆ. ಹಾಗಾಗಿ ಮರ ತಿಳಿದಿರಬೇಕು. ಅಜ್ಜಿ ಮೊದಲು ಎರಡೂ ಕೈಯಲ್ಲಿ ಕಾಂಡ ಸವರಿದಳಂತೆ. ಆಮೇಲೆ ಒಂದು ಕೊಂಬೆ ಬಗ್ಗಿಸಿ ಎಲೆಗಳನ್ನು ಬೆರಳಿನಲ್ಲೇ ಎಣಿಸಿದಳು. ಒಂದು ಎಲೆ ಮುರಿದು ಹಾಲು ಬೆರಳಿಗೆ ಅಂಟುತ್ತದಾ ನೋಡಿದಳು. ಆಮೇಲೆಯೇ ಕಲ್ಲು ಎತ್ತಿದ್ದು. ಬೆಳಗಾದಾಗ ಊರಿನವರು ಒಂದಿಷ್ಟು ಮಾತಾಡಿದರು. ಹೆಂಗಸು, ಅದೂ ಗಂಡ ಸತ್ತವಳು, ಕತ್ತಲೆಯಲ್ಲಿ ಪಾಲೆಯ ಬುಡಕ್ಕೆ ಹೋದಳಂತೆ, ಇವಳೇ ಒಂದು ಯಕ್ಷಿ ಎಂದರು. ಅಜ್ಜಿ ನಾಲ್ಕು ಮಕ್ಕಳಿಗೂ ಮೂಗು ಹಿಡಿದು ಕಷಾಯ ಕುಡಿಸಿದಳು. 79ನೇ ವಯಸ್ಸಿನವರೆಗೂ ಪ್ರತಿ ಆಟಿಗೆ ಅವಳೇ ಹೋದಳು. ಮೊದಲು ಮಾತಾಡಿದ ಮನೆಗಳಿಗೂ ಮುಂದೆ ಅವಳೇ ತೊಗಟೆ ಕೊಟ್ಟಳು, ಕತ್ತಲೆಯಲ್ಲಿ ಅವಳಿಗೆ ತಪ್ಪುವುದಿಲ್ಲ ಎಂಬ ಧೈರ್ಯ ಅವರಿಗೂ ಬಂದಿತ್ತು. ನಾನು ಸಣ್ಣವಳಿದ್ದಾಗ ಯಕ್ಷಿಯ ಬಗ್ಗೆ ಕೇಳಿದರೆ, ‘ಎಂತ ಯಕ್ಷಿ ಮಾರಾಯ್ತಿ, ಕಷಾಯ ಕುಡಿದು ಶಾಲೆಗೆ ಹೋಗು’ ಎನ್ನುತ್ತಿದ್ದಳು.

ಮಗಳು ಇದನ್ನು ಕೇಳಿ ಏನೂ ಹೇಳಲಿಲ್ಲ. ಬಸ್ಸು ಇಳಿದು ಮನೆಗೆ ನಡೆಯುವಾಗಲೂ ಸುಮ್ನೆ ಇದ್ದಳು.

ಈಗ ತುಳುವಿನ ಬೊಂತೆಲ್ ತಿಂಗಳು, ಅಂದರೆ ಅಕ್ಟೋಬರ್-ನವೆಂಬರ್ ಹೊತ್ತು. ಪಾಲೆ ಹೂ ಬಿಟ್ಟಿದೆ. ರಾತ್ರಿ ಕಿಟಕಿ ತೆರೆದರೆ ಆ ಗಾಢ ವಾಸನೆ ಒಳಗೆ ಬರುತ್ತದೆ, ಮಲಯಾಳದ ಕಥೆಗಳಲ್ಲಿ ಯಕ್ಷಿ ಬರುವ ಮೊದಲು ಬರುವ ವಾಸನೆ. ನಿನ್ನೆ ಊಟ ಆದ ಮೇಲೆ ಅವಳು ಮೊಬೈಲ್ ಲೈಟ್ ಹಿಡಿದು, ಬಾ ಅಮ್ಮ, ನೋಡಿ ಬರೋಣ ಎಂದಳು. ಇಳಿದೆವು. ಕಾಂಡದಲ್ಲಿ ಅಜ್ಜಿ ಗುದ್ದಿದ ಜಾಗಗಳು ಗಂಟುಗಂಟಾಗಿ ಮಾಯ್ದು ಹೋಗಿವೆ, ಕೈ ಇಟ್ಟರೆ ಗೊತ್ತಾಗುತ್ತದೆ. ಮಗಳು ಅದನ್ನು ಸವರಿದಳು. ಲೈಟ್ ಆರಿಸಿದಳು. ಕೆಳಗೆ ಬಾಗಿದ ಒಂದು ಕೊಂಬೆ ಹಿಡಿದು ಎಲೆ ಎಣಿಸಿದಳು.

‘ಅಮ್ಮ, ಇದರಲ್ಲಿ ಆರೇ ಇದೆ.’

ಕೆಲವು ಸಲ ಆರು ಇರುತ್ತದೆ, ಕೆಲವು ಸಲ ಐದೂ, ಹಾಲು ನೋಡು ಎಂದೆ. ಅವಳು ಎಲೆ ಮುರಿದು ಬೆರಳಿಗೆ ಬೆರಳು ಒತ್ತಿ ನೋಡಿದಳು. ಅಂಟಿತು. ಮತ್ತೆ ಕತ್ತಲೆಯಲ್ಲೇ ಬಗ್ಗಿ ನೆಲ ತಡವಿ, ಮುಷ್ಟಿಗೆ ಸರಿಯಾಗುವ ಒಂದು ಕಲ್ಲು ಹುಡುಕಿ, ಆಟಿಗೆ ಬೇಕಾಗುತ್ತದೆ ಎಂದು ಮರದ ಬುಡದಲ್ಲಿ ಇಟ್ಟಳು.